ಚಿತ್ರ ಒಂದೇ, ಅರಸರು ಹಲವರು

ದಕ್ಷಿಣ ಭಾರತದ ಹಳೆಯ ಚಿನ್ನದ ನಾಣ್ಯವೊಂದು ಕೈಗೆ ಬಂದಾಗ ಹೊಸ ಸಂಗ್ರಾಹಕರು ಮೊದಲು ನೋಡುವುದು ಅದರ ಮೇಲಿನ ದೇವರ ಮೂರ್ತಿಯನ್ನು. ಆದರೆ ವಿಜಯನಗರದ ವರಹಗಳ ಮಟ್ಟಿಗೆ ಈ ಕ್ರಮ ಬಹು ಬೇಗ ದಾರಿ ತಪ್ಪಿಸುತ್ತದೆ, ಏಕೆಂದರೆ ಜನರ ನಂಬಿಕೆ ಗಳಿಸಿದ ಚಿತ್ರವನ್ನು ಮುಂದಿನ ಅರಸರು, ವಂಶ ಬದಲಾದರೂ, ಸುಲಭವಾಗಿ ಕೈಬಿಡುತ್ತಿರಲಿಲ್ಲ.

ಇದಕ್ಕೆ ಉಮಾಮಹೇಶ್ವರ ಮಾದರಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. 14ನೆಯ ಶತಮಾನದ ಕೊನೆಯಲ್ಲಿ ಆಳಿದ ಇಮ್ಮಡಿ ಹರಿಹರನ ನಾಣ್ಯಗಳಲ್ಲಿ ಶಿವಪಾರ್ವತಿಯರು ಜೊತೆಯಾಗಿ ಕುಳಿತಿದ್ದು, ಹಿಮ್ಮುಖದಲ್ಲಿ ನಾಗರಿ ಲಿಪಿಯ ‘ಶ್ರೀ ಪ್ರತಾಪ ಹರಿಹರ’ ಎಂಬ ಬರಹವಿದೆ. ಅದೇ ದಂಪತಿಯನ್ನು ಕೆಳದಿಯ ನಾಯಕರು ತಮ್ಮ ಇಕ್ಕೇರಿ ವರಹಕ್ಕೆ ತಂದುಕೊಂಡರು. 1763ರಲ್ಲಿ ಅವರ ರಾಜಧಾನಿ ಬಿದನೂರನ್ನು ಗೆದ್ದ ಹೈದರ್ ಅಲಿ ಆ ಮೂರ್ತಿಗಳನ್ನು ಅಳಿಸದೆ, ಹಿಮ್ಮುಖದಲ್ಲಿ ತನ್ನ ಹೆಸರಿನ ಮೊದಲ ಅರಬ್ಬಿ ಅಕ್ಷರವನ್ನಷ್ಟೇ ಹಾಕಿಸಿದನು. ಟಿಪ್ಪು ಮೂರ್ತಿಯನ್ನು ಕೈಬಿಟ್ಟನಾದರೂ ತಂದೆಯ ಆ ಅಕ್ಷರವನ್ನು ವರಹದಲ್ಲಿ ಉಳಿಸಿಕೊಂಡನು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ‘ಶ್ರೀ ಕೃಷ್ಣರಾಜ’ ಎಂಬ ನಾಗರಿ ಬರಹದೊಡನೆ ಶಿವಪಾರ್ವತಿಯರು ಮತ್ತೆ ಬಂದರು. ಹೀಗೆ ನಾಲ್ಕು ಶತಮಾನಗಳಲ್ಲಿ ಹರಡಿಕೊಂಡ ಈ ಮಾದರಿಯಲ್ಲಿ ಅರಸನನ್ನು ಹೇಳುವುದು ಹಿಮ್ಮುಖವೇ ಹೊರತು ಮೂರ್ತಿಯಲ್ಲ.

ಆದ್ದರಿಂದ ಗುರುತಿಸುವ ಕೆಲಸ ತಕ್ಕಡಿಯಿಂದ ಆರಂಭವಾಗುವುದು ಲೇಸು. ವರಹದ ತೂಕ ಸುಮಾರು 3.4 ಗ್ರಾಂ; ಅದರ ಅರ್ಧ ಪ್ರತಾಪ, ಹತ್ತನೆಯ ಒಂದು ಭಾಗ ಹಣ, ಅಂದರೆ ಉಗುರಿನ ತುದಿಯಲ್ಲಿ ನಿಲ್ಲುವಷ್ಟು ಚಿಕ್ಕ ನಾಣ್ಯ. ಕುತ್ತಿಗೆಯ ಸರಕ್ಕೆ ಪೋಣಿಸಲು ಕೊಂಡಿ ಬೆಸೆದಿದ್ದ ನಾಣ್ಯಗಳು ಅನೇಕವಿರುವುದರಿಂದ, ಅಂಚಿನಲ್ಲಿ ಬೆಸುಗೆಯ ಗುರುತಿದೆಯೇ ಎಂಬುದನ್ನು ನೋಡದೆ ತೂಕದ ಹೆಚ್ಚುಕಡಿಮೆಯಿಂದ ತೀರ್ಮಾನಕ್ಕೆ ಬರಬಾರದು. ಅನಂತರ ಬರಹ. ಅಚ್ಚು ಬಿಲ್ಲೆಗಿಂತ ದೊಡ್ಡದಾಗಿರುತ್ತಿದ್ದುದರಿಂದ ಅಕ್ಷರಗಳು ಅಂಚಿನಲ್ಲಿ ತುಂಡಾಗಿರುವುದು ಸಾಮಾನ್ಯ; ಓದುವವನು ಒಂದೇ ಮಾದರಿಯ ಹಲವು ನಾಣ್ಯಗಳನ್ನು ಹೋಲಿಸಿ ಪೂರ್ಣಪಾಠವನ್ನು ಕಟ್ಟಿಕೊಳ್ಳಬೇಕಾಗುತ್ತದೆ.

ಬರಹವಿದ್ದ ಮಾತ್ರಕ್ಕೆ ಹೆಸರಿರುತ್ತದೆಂದೂ ಇಲ್ಲ. ಹೊಯ್ಸಳ ವಿಷ್ಣುವರ್ಧನನ ಚಿನ್ನದ ನಾಣ್ಯಗಳಲ್ಲಿ ಕನ್ನಡ ಲಿಪಿಯಲ್ಲಿರುವುದು ‘ಶ್ರೀ ತಳಕಾಡುಗೊಂಡ’ ಎಂಬ ಬಿರುದು. ತಲಕಾಡನ್ನು ಚೋಳರಿಂದ ಗೆದ್ದವನು ಯಾರೆಂಬುದನ್ನು ಶಾಸನಗಳಿಂದ ತಿಳಿದವರಿಗೆ ಮಾತ್ರ ಅದು ಅರಸನ ಹೆಸರಾಗಿ ಕಾಣುತ್ತದೆ.

ಚಿತ್ರ ಪೂರ್ತಿ ನಿರುಪಯೋಗಿ ಎಂದು ಇದರ ಅರ್ಥವಲ್ಲ. ಆನೆಗಳನ್ನು ಹಿಡಿದ ಗಂಡಭೇರುಂಡವಿದ್ದರೆ ಅಚ್ಯುತರಾಯನ ನೆನಪು ಮೊದಲು ಬರುವುದು ಸರಿಯೇ, ಕುಳಿತ ಬಾಲಕೃಷ್ಣನಿದ್ದರೆ ಕೃಷ್ಣದೇವರಾಯನ ನೆನಪೂ ಹಾಗೆಯೇ. ಆದರೆ ಎರಡನ್ನೂ ‘ಶ್ರೀ ಪ್ರತಾಪ’ದಿಂದ ತೊಡಗುವ ನಾಗರಿ ಬರಹದೊಡನೆ ತಾಳೆ ನೋಡಬೇಕು.

ಖೋಟಾ ನಾಣ್ಯಗಳ ವಿಚಾರದಲ್ಲಿ ಕಣ್ಣಿಗಿಂತ ಭೂತಗನ್ನಡಿ ನಂಬಿಕೆಗೆ ಅರ್ಹ. ಅಚ್ಚಿನಿಂದ ಹೊಡೆದ ನಾಣ್ಯದಲ್ಲಿ ಗೆರೆಗಳು ಚೂಪಾಗಿದ್ದರೆ, ಎರಕ ಹೊಯ್ದ ನಕಲಿನಲ್ಲಿ ಗಾಳಿಗುಳ್ಳೆಯ ಸಣ್ಣ ಕುಳಿಗಳೂ ಅಂಚಿನ ಸುತ್ತ ಅಚ್ಚುಗಳು ಕೂಡಿದ ಗೆರೆಯೂ ಉಳಿದಿರುವ ಸಂಭವವಿದೆ. ಹುಣಸೆಹಣ್ಣಿನಿಂದ ತಾಮ್ರದ ನಾಣ್ಯವನ್ನು ಬೆಳಗುವ ಮನೆಮದ್ದು ಹೊಳಪು ಕೊಡುತ್ತದೆ, ಜೊತೆಗೆ ಶತಮಾನಗಳಿಂದ ಕೂಡಿದ ಮೇಲ್ಪದರವನ್ನೂ, ಹಲವು ಬಾರಿ ಅಕ್ಷರಗಳನ್ನೂ ಕೊಂಡೊಯ್ಯುತ್ತದೆ.

ಸಂಗ್ರಹಕ್ಕೆ ಕಾನೂನಿನ ಎಲ್ಲೆಯೂ ಇದೆ. 1972ರ ಪುರಾವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯವೂ ಪುರಾವಸ್ತುವೇ, ಅದನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ. ನೆಲ ಅಗೆಯುವಾಗ ದೊರೆತ ನಿಧಿಯನ್ನು ಅಧಿಕಾರಿಗಳಿಗೆ ತಿಳಿಸಬೇಕಾಗುತ್ತದೆ. ಕುಡಿಕೆಯಲ್ಲಿ ಒಟ್ಟಿಗೆ ಸಿಕ್ಕ ನಾಣ್ಯಗಳು ಹಂಚಿಹೋಗುವ ಮೊದಲೇ ಪಟ್ಟಿಯಾದರೆ, ಯಾವ ಅರಸನ ನಾಣ್ಯ ಯಾವುದರ ಜೊತೆ ಚಲಾವಣೆಯಲ್ಲಿತ್ತು ಎಂಬುದು ಗೊತ್ತಾಗಿ, ಬರಹ ಅಳಿಸಿಹೋದ ಬಿಲ್ಲೆಗಳಿಗೂ ಸ್ಥೂಲವಾಗಿ ಕಾಲ ನಿಗದಿ ಮಾಡಲು ಸಾಧ್ಯವಾಗುತ್ತದೆ.