ಖಡಕಿಯ ಡಿಸ್ಪೋಸಲ್ ರೈಫಲ್ ಎಂಬ ಅಡುಗೂಲಜ್ಜಿ ಕತೆ

ಪುಣೆಯಲ್ಲಿ ನಾಲ್ಕು ಜನ ಕನ್ನಡಿಗರು ಸೇರಿ, ಮಾತು ಸೈಟಿನ ರೇಟಿನಿಂದ ಬಂದೂಕಿನ ರೇಟಿಗೆ ಜಾರಿತೆಂದರೆ, ಒಬ್ಬರಾದರೂ ದನಿ ತಗ್ಗಿಸಿ ಹೀಗೆ ಹೇಳುತ್ತಾರೆ: ‘ಖಡಕಿಯಲ್ಲಿ ಮಿಲಿಟರಿ ಡಿಸ್ಪೋಸಲ್‌ನಲ್ಲಿ ಹಳೇ ರೈಫಲ್ ಸಿಗ್ತದೆ ಮಾರಾಯ್ರೇ. ಒಳಗೆ ಗುರ್ತದವರು ಇದ್ರೆ ಸಾಕು. ಇವತ್ತು ತಗೊಂಡಿಟ್ರೆ ಐದು ವರ್ಷದಲ್ಲಿ ಡಬಲ್.’ ಹೇಳುವವರು ಅಂಥ ರೈಫಲನ್ನು ಕಣ್ಣಾರೆ ಕಂಡವರಲ್ಲ. ಅವರ ಭಾವನ ಸ್ನೇಹಿತರು ಕಂಡಿರುತ್ತಾರೆ. ಆ ಸ್ನೇಹಿತರನ್ನು ಕೇಳಿದರೆ ಅವರಿಗೂ ಒಬ್ಬ ಭಾವ ಇರುತ್ತಾನೆ.

ಬಂದೂಕಿನ ಬಗ್ಗೆ ತಪ್ಪು ಕಲ್ಪನೆಗಳು ಬೇಕಾದಷ್ಟಿವೆ. ಇದೊಂದು ಮಾತ್ರ ಸಾಯುವುದೇ ಇಲ್ಲ. ಆದ್ದರಿಂದ ಮೊದಲು ಇದರ ಲೆಕ್ಕ ಮುಗಿಸೋಣ.

ಪುಣೆಯ ಖಡಕಿಯಲ್ಲಿ ಇರುವುದು ಮದ್ದುಗುಂಡಿನ ಕಾರ್ಖಾನೆ. 1869ರಿಂದಲೂ ಅಲ್ಲಿ ತಯಾರಾಗುತ್ತಿರುವುದು ತೋಟೆಗಳೇ ಹೊರತು ಬಂದೂಕುಗಳಲ್ಲ. ಊರಿನ ಜೋಡುನಳಿಗೆ ಕೋವಿಗೆ ಹಾಕುವ 12 ಬೋರ್ ತೋಟೆಯ ಬುಡದಲ್ಲಿ ‘ಕೆಎಫ್’ ಎಂದಿರುತ್ತದಲ್ಲ, ಅದು ಬ್ರಿಟಿಷರ ಕಾಲದ ಕಿರ್ಕಿ, ಅಂದರೆ ಇದೇ ಖಡಕಿ. ಸರ್ಕಾರಿ ಬಂದೂಕು ಹುಟ್ಟುವುದು ಇಛಾಪುರ, ಕಾನ್ಪುರ, ತಿರುಚಿರಾಪಳ್ಳಿಗಳಲ್ಲಿ. ಪುಣೆಯ ಪಾಷಾಣ್‌ನಲ್ಲಿರುವ ಡಿಆರ್‌ಡಿಒ ಪ್ರಯೋಗಾಲಯ ಸೈನ್ಯದ ಇನ್ಸಾಸ್ ರೈಫಲ್ಲಿನ ವಿನ್ಯಾಸ ಮಾಡಿದ್ದು ನಿಜ. ಆದರೆ ವಿನ್ಯಾಸ ಮಾಡಿದ ಊರಿನಲ್ಲಿ ಚಿಲ್ಲರೆ ಮಾರಾಟವೂ ಇರುತ್ತದೆ ಎಂದುಕೊಳ್ಳುವವರಿಗೆ ಏನು ಹೇಳುವುದು?

ಈ ನಂಬಿಕೆಯ ಬೇರು ಎಲ್ಲಿದೆ ಎಂಬುದು ಸ್ಪಷ್ಟ. ಸೈನ್ಯದ ಹಳೇ ಜಿಪ್ಸಿ, ಜೋಂಗಾ ಹರಾಜಿನಲ್ಲಿ ಸಿಗುತ್ತವೆ. ಟೆಂಟು, ಬೂಟು, ಕಂಬಳಿ ಸಂತೆಗೆ ಬರುತ್ತವೆ. ಹಾಗಾದರೆ ರೈಫಲ್ ಯಾಕೆ ಬರಬಾರದು ಎಂಬುದು ತರ್ಕ. ಯಾಕೆ ಬರುವುದಿಲ್ಲವೆಂದರೆ, ಸೈನ್ಯ ಮತ್ತು ಪೊಲೀಸರು ಬಳಸುವ .303, 7.62 ಮಿ.ಮೀ., 9 ಮಿ.ಮೀ. ಎಲ್ಲವೂ ಸಾಮಾನ್ಯ ಪ್ರಜೆಗೆ ನಿಷಿದ್ಧ ಬೋರ್‌ಗಳು. ಈ ಗೆರೆ ಎಳೆದವರು ಬ್ರಿಟಿಷರು. ಸಿಪಾಯಿಯ ತೋಟೆ ಪ್ರಜೆಯ ಬಂದೂಕಿಗೆ ಹೊಂದಬಾರದು ಎಂಬುದು ಅವರ ಎಚ್ಚರಿಕೆ. ನಮ್ಮಲ್ಲಿ .315 ರೈಫಲ್ ಮತ್ತು .32 ರಿವಾಲ್ವರ್ ಇಷ್ಟು ಬಳಕೆಗೆ ಬಂದದ್ದು ಆ ಕಾರಣಕ್ಕೆ. ಸ್ವತಂತ್ರ ಭಾರತದ 1959ರ ಶಸ್ತ್ರಾಸ್ತ್ರ ಕಾಯ್ದೆ ಆ ಗೆರೆಯನ್ನು ಅಳಿಸಲಿಲ್ಲ.

ಉತ್ತರ ಪ್ರದೇಶದ ಪೊಲೀಸರು 2020ರ ಗಣರಾಜ್ಯೋತ್ಸವದ ಪರೇಡಿನಲ್ಲಿ .303 ರೈಫಲ್ಲುಗಳಿಗೆ ವಿದಾಯ ಹೇಳಿದರು. ‘ಇನ್ನು ಅವೆಲ್ಲ ಮಾರುಕಟ್ಟೆಗೆ ಬರ್ತವೆ ನೋಡಿ’ ಎಂದು ಆಗ ಭವಿಷ್ಯ ನುಡಿದವರಿದ್ದರು. ಬರುವ ದಾರಿಯೇ ಇಲ್ಲ. ಆಯುಷ್ಯ ಮುಗಿದ ಸರ್ಕಾರಿ ಬಂದೂಕು ಕತ್ತರಿಸಿದ ಕಬ್ಬಿಣವಾಗಿ ಕುಲುಮೆ ಸೇರಬೇಕೇ ಹೊರತು ನಿಮ್ಮ ಗೋದ್ರೇಜ್ ಬೀರುವನ್ನಲ್ಲ.

ಕತೆಯಲ್ಲಿ ಒಂದು ಕಾಳಿನಷ್ಟು ಸತ್ಯವಿದೆ. ಸೈನ್ಯದ ಬಳಕೆಗೆ ಸೇರದ, ‘ಎನ್‌ಎಸ್‌ಪಿ’ ಎಂದು ಕರೆಯುವ ಕೆಲವು ಆಯುಧಗಳನ್ನು ಜಬಲ್ಪುರದ ಕೇಂದ್ರೀಯ ಡಿಪೋದಿಂದ ಸೇನಾಧಿಕಾರಿಗಳಿಗೆ ಸ್ವಂತಕ್ಕೆಂದು ಕೊಡುವ ಪದ್ಧತಿ ಇತ್ತು. ಅವನ್ನು ಕೆಲವರು ನಿಯಮ ಮುರಿದು ಹೊರಗೆ ಮಾರಿಕೊಂಡದ್ದು ರಾಜಸ್ಥಾನದ ಶ್ರೀಗಂಗಾನಗರದಲ್ಲಿ ಬಯಲಾಗಿ, ಕೋರ್ಟು, ವಿಚಾರಣೆ, ಶಿಸ್ತುಕ್ರಮಗಳವರೆಗೆ ಹೋಯಿತು. ಹಾಗೆಯೇ, ಕಸ್ಟಮ್ಸ್‌ನವರು ಮುಟ್ಟುಗೋಲು ಹಾಕಿದ ವಿದೇಶಿ ಪಿಸ್ತೂಲುಗಳು ಸಂಸದರಿಗೂ ದೊಡ್ಡ ಅಧಿಕಾರಿಗಳಿಗೂ ಮಾರಾಟವಾದದ್ದು ಮಾಹಿತಿ ಹಕ್ಕಿನ ಅರ್ಜಿಗಳಿಂದ ಹೊರಬಂತು. ಅಂದರೆ ಬಾಗಿಲು ಇತ್ತು, ಆದರೆ ಅದು ನಿಮಗಾಗಿ ಮಾಡಿದ್ದಲ್ಲ. ಆ ಹಗರಣವನ್ನೇ ‘ಗುರ್ತದವರಿದ್ರೆ ಸಿಗ್ತದೆ’ ಎಂಬುದಕ್ಕೆ ಸಾಕ್ಷಿಯಾಗಿ ಹೇಳುವವರ ಧೈರ್ಯವನ್ನು ಮೆಚ್ಚಬೇಕು.

ಈಗ ಬೆಲೆ ಏರುವ ಮಾತು. ಇದು ಅಮೆರಿಕದ ವಿಡಿಯೋಗಳಿಂದ ಹಬ್ಬಿದ ಜ್ವರ. ಅಲ್ಲಿ ಎರಡನೇ ಮಹಾಯುದ್ಧದ ಕಾಲದ ರಷ್ಯನ್ ರೈಫಲ್ಲುಗಳು ಒಂದು ಕಾಲಕ್ಕೆ ನೂರು ಡಾಲರಿಗೆ ಸಿಗುತ್ತಿದ್ದವು, ಹೊರಗಿನಿಂದ ಬರುವುದು ನಿಂತಂತೆ ಹಲವು ಪಟ್ಟು ಏರಿದವು. ತಮಾಷೆಯೆಂದರೆ ಆ ಸಂಗ್ರಹಕಾರರ ಕಪಾಟಿನಲ್ಲಿ ನಮ್ಮ ಇಛಾಪುರದ 2ಎ1 ರೈಫಲ್ಲೂ ಇದೆ. 1962ರ ಯುದ್ಧದ ಸೋಲಿನ ನಂತರ .303ರ ಮಾದರಿಯಲ್ಲೇ 7.62 ಮಿ.ಮೀ. ತೋಟೆಗಾಗಿ ಮಾಡಿದ ಬಂದೂಕು ಅದು. ಟೆಕ್ಸಾಸಿನ ನಿವೃತ್ತ ಮೇಷ್ಟರು ಅದನ್ನು ಅಂಗಡಿಯಿಂದ ಕೊಂಡು ತರಬಹುದು. ಬಂಗಾಳದ ಇಛಾಪುರದವರಿಗೂ ಪುಣೆಯವರಿಗೂ ಅದು ನಿಷಿದ್ಧ.

ನಮ್ಮಲ್ಲೂ ಕೆಲವು ಹಳೇ ಆಯುಧಗಳಿಗೆ ಬೆಲೆ ಏರಿದ್ದು ಸುಳ್ಳಲ್ಲ, ಆದರೆ ಕಾರಣ ಬೇರೆ. 1980ರ ದಶಕದ ನಡುವಿನಿಂದ ಖಾಸಗಿಯವರು ವಿದೇಶಿ ಬಂದೂಕು ತರಿಸಿಕೊಳ್ಳುವ ದಾರಿ ಬಹುಮಟ್ಟಿಗೆ ಮುಚ್ಚಿತು. ರಿಯಾಯಿತಿ ಉಳಿದದ್ದು ಹೆಸರಾಂತ ಶೂಟಿಂಗ್ ಕ್ರೀಡಾಪಟುಗಳಂಥವರಿಗೆ. ಅದಕ್ಕೂ ಮೊದಲು ದೇಶದೊಳಗೆ ಬಂದ .32 ಬೋರಿನ ವಾಲ್ಥರ್ ಪಿಸ್ತೂಲು, ವೆಬ್ಲಿ ರಿವಾಲ್ವರುಗಳ ಸಂಖ್ಯೆ ಹೆಚ್ಚುವಂತಿಲ್ಲ, ಬೇಡಿಕೆ ಹೆಚ್ಚುತ್ತಲೇ ಇದೆ. ಹೊರದೇಶದಲ್ಲಿ ಕೆಲವು ನೂರು ಡಾಲರಿನ ಮಾಲು ಇಲ್ಲಿ ಹಲವು ಲಕ್ಷಕ್ಕೆ ಕೈ ಬದಲಾಗುವುದು ಹೀಗೆ. ಪುಣೆಯ ಸುತ್ತ ಈ ಬೇಡಿಕೆಗೆ ಇನ್ನೊಂದು ಇಂಧನವಿದೆ. ಮುಳಶಿ, ಹಿಂಜವಡಿ, ವಾಘೋಲಿ ಕಡೆ ಹೊಲ ಮಾರಿ ದಿಢೀರ್ ಹಣ ಕಂಡವರನ್ನು ಮರಾಠಿಗರು ‘ಗುಂಠಾಮಂತ್ರಿ’ ಎಂದು ಗೇಲಿ ಮಾಡುತ್ತಾರೆ. ಕೊರಳಿಗೆ ಚಿನ್ನ, ಮನೆ ಮುಂದೆ ದೊಡ್ಡ ಗಾಡಿ ಬಂದ ಮೇಲೆ ಸೊಂಟಕ್ಕೊಂದು ಪಿಸ್ತೂಲು ಬೇಕೆನಿಸುವುದು ಸಹಜ. ಅದು ವಿದೇಶಿ ಆದರೆ ಇನ್ನೂ ಘನತೆ.

ಅಂದರೆ ಆ ಲಕ್ಷಗಳು ಉಕ್ಕಿನ ಬೆಲೆಯಲ್ಲ, ಮುಚ್ಚಿದ ಬಂದರಿನ ಬೆಲೆ. ಬಾಗಿಲು ಇಷ್ಟಿಷ್ಟೇ ತೆರೆದರೂ ಆ ಬೆಲೆ ನಿಲ್ಲಬೇಕೆಂದಿಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳ ನಂತರ ಖಾಸಗಿ ಕಂಪನಿಗಳೂ ಬಂದೂಕು ತಯಾರಿಸಬಹುದು. ವೆಬ್ಲಿ ಹೆಸರಿನ .32 ರಿವಾಲ್ವರ್ 2020ರಿಂದ ಉತ್ತರ ಪ್ರದೇಶದ ಹರದೋಯಿಯಲ್ಲೇ ತಯಾರಾಗುತ್ತಿದೆ. ಕಾನ್ಪುರದ ಸರ್ಕಾರಿ ಕಂಪನಿ 2023ರಲ್ಲಿ ‘ಪ್ರಬಲ್’ ರಿವಾಲ್ವರನ್ನು ಮಾರುಕಟ್ಟೆಗೆ ಬಿಟ್ಟಿತು.

ಇನ್ನು ಊರಿನ ಅಟ್ಟದ ಮೇಲಿನ ಅಜ್ಜನ ಜೋಡುನಳಿಗೆ ಕೋವಿ. ಅದಕ್ಕೂ ಲಕ್ಷ ಬರುತ್ತದೆಂದು ಪುಣೆಯಲ್ಲಿ ಕುಳಿತು ಲೆಕ್ಕ ಹಾಕುವ ಮೊಮ್ಮಕ್ಕಳು ಕೇಳಿಸಿಕೊಳ್ಳಿ: ಅದಕ್ಕೆ ಗಿರಾಕಿ ಸಿಗುವುದೇ ಕಷ್ಟ. ಶಸ್ತ್ರಾಸ್ತ್ರ ಕಾಯ್ದೆಗೆ 2019ರ ಡಿಸೆಂಬರಿನಲ್ಲಿ ಬಂದ ತಿದ್ದುಪಡಿ, ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು. ಮೂರನೆಯದನ್ನು ಒಂದು ವರ್ಷದೊಳಗೆ ಠಾಣೆಗೋ ಅಧಿಕೃತ ಡೀಲರಿಗೋ ಒಪ್ಪಿಸಬೇಕಾಯಿತು. ಮೂರರಲ್ಲಿ ಒಂದನ್ನು ಬಿಡಬೇಕಾದಾಗ ಜನ ಬಿಡುವುದು ಪಿಸ್ತೂಲನ್ನೋ, ತುಕ್ಕು ಹಿಡಿದ ಉದ್ದ ಕೋವಿಯನ್ನೋ, ನೀವೇ ಹೇಳಿ. ಇನ್ನು, ಕೊಳ್ಳುವವರ ಬಳಿ ಲೈಸೆನ್ಸ್ ಇರಬೇಕು, ಅದರಲ್ಲಿ ಜಾಗ ಖಾಲಿ ಇರಬೇಕು, ಮಾರುವವರು ಜಿಲ್ಲಾ ಮ್ಯಾಜಿಸ್ಟ್ರೇಟರಿಗೋ ಠಾಣೆಗೋ ಲಿಖಿತವಾಗಿ ತಿಳಿಸಿ 45 ದಿನ ಕಾಯಬೇಕು. ಇಂಥದ್ದನ್ನು ಹೂಡಿಕೆ ಎಂದು ಕರೆಯುವವರು ಬ್ಯಾಂಕಿನ ಎಫ್‌ಡಿಗೆ ಕ್ಷಮೆ ಕೇಳಬೇಕು.

ಉಳಿದ ನಂಬಿಕೆಗಳಿಗೆ ಒಂದೊಂದು ಮಾತು ಸಾಕು.

ನಂಬಿಕೆ: ತಂದೆಯ ನಂತರ ಕೋವಿ ತಾನಾಗಿ ಮಗನದು.
ಸತ್ಯ: ಕೋವಿ ಆಸ್ತಿಯಾಗಿ ಬರಬಹುದು, ಲೈಸೆನ್ಸ್ ಬರುವುದಿಲ್ಲ. ವಾರಸುದಾರರು ಹೊಸದಾಗಿ ಅರ್ಜಿ ಹಾಕಬೇಕು. ತಂದೆಗೆ 70 ತುಂಬಿದ್ದರೆ ಅಥವಾ ಅವರು 25 ವರ್ಷ ಕೋವಿ ಇಟ್ಟುಕೊಂಡಿದ್ದರೆ ಬದುಕಿರುವಾಗಲೇ ವರ್ಗಾವಣೆಗೆ ಕೇಳಬಹುದು.

ನಂಬಿಕೆ: ಕೊಡವರಿಗೆ ಲೈಸೆನ್ಸ್ ಬೇಡ, ಅವರಿಂದ ಕೊಂಡರೆ ನಮಗೂ ಬೇಡ.
ಸತ್ಯ: 1861ರಷ್ಟು ಹಳೆಯದಾದ, 2029ರವರೆಗೆ ವಿಸ್ತರಿಸಲಾದ ಆ ವಿನಾಯಿತಿ ಕೊಡವರಿಗೆ ಮತ್ತು ಕೊಡಗಿನ ಜಮ್ಮಾ ಹಿಡುವಳಿದಾರರಿಗೆ ಮಾತ್ರ. ಕೋವಿಯ ಜೊತೆ ಅದು ನಿಮ್ಮ ಮನೆಗೆ ಬರುವುದಿಲ್ಲ.

ನಂಬಿಕೆ: ನೂರು ವರ್ಷ ಹಳೆಯದಾದರೆ ಅದು ಪುರಾತನ ವಸ್ತು, ಕಾಯ್ದೆ ಅನ್ವಯಿಸದು.
ಸತ್ಯ: ವಯಸ್ಸೊಂದೇ ಸಾಲದು. ರಿಪೇರಿ ಮಾಡಿಯೂ ಗುಂಡು ಹಾರಿಸಲಾಗದ ಸ್ಥಿತಿಯಲ್ಲಿದ್ದರೆ ಕಾಯ್ದೆಯಿಂದ ವಿನಾಯಿತಿ ಇದೆ. ಅದನ್ನು ತೀರ್ಮಾನಿಸುವವರು ನೀವಲ್ಲ.

ನಂಬಿಕೆ: ಏರ್‌ಗನ್‌ಗೆ ಯಾವ ನಿಯಮವೂ ಇಲ್ಲ.
ಸತ್ಯ: .177 ಬೋರ್, 20 ಜೂಲ್ ಶಕ್ತಿಯ ಮಿತಿ ದಾಟಿದರೆ ಲೈಸೆನ್ಸ್ ಬೇಕು.

ನಂಬಿಕೆ: ಸ್ವಂತ ಲೈಸೆನ್ಸಿನ ಬಂದೂಕು, ಮದುವೆಯಲ್ಲಿ ಗಾಳಿಗೆ ಹಾರಿಸಿದರೆ ಯಾರೇನು ಕೇಳುವುದು?
ಸತ್ಯ: ಪೊಲೀಸರು ಕೇಳುತ್ತಾರೆ. ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ.

ನನಗೆ ಬೇಸರ ತರುವುದು ಬಂದೂಕಿನ ಅಜ್ಞಾನವಲ್ಲ. ಬಂದೂಕಿನ ಬಗ್ಗೆ ಗೊತ್ತಿಲ್ಲದವರು ಪುಣ್ಯವಂತರು. ಬೇಸರ ತರುವುದು ‘ಮಿಲಿಟರಿ’ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಪ್ರಶ್ನೆ ಕೇಳುವುದನ್ನು ನಿಲ್ಲಿಸುವ ನಮ್ಮ ಅಭ್ಯಾಸ. ದಕ್ಷಿಣ ಕಮಾಂಡಿನ ಕೇಂದ್ರ, ಎನ್‌ಡಿಎ, ಕಾರ್ಖಾನೆಗಳು ಎಲ್ಲ ಇರುವ ಈ ಊರಿನಲ್ಲಿ ಸಮವಸ್ತ್ರದ ಮೇಲೆ ಗೌರವ ಸಹಜ. ಆದರೆ ಹಳೇ ಸಾಮಾನು ಮಾರುವ ಆ್ಯಪ್‌ಗಳಲ್ಲಿ ವಂಚಕರು ಸೈನಿಕನ ಫೋಟೊ, ನಕಲಿ ಗುರುತಿನ ಚೀಟಿ ತೋರಿಸಿ, ‘ವರ್ಗವಾಗಿದೆ, ಬೈಕು ಕಡಿಮೆಗೆ ಕೊಡ್ತೇನೆ, ಮುಂಗಡ ಕಳಿಸಿ’ ಎಂದು ದುಡ್ಡು ಕೀಳುವುದು ಇದೇ ಗೌರವವನ್ನು ಬಂಡವಾಳ ಮಾಡಿಕೊಂಡು. ತರಕಾರಿಯವಳ ಹತ್ತಿರ ಎರಡು ರೂಪಾಯಿಗೆ ಹತ್ತು ನಿಮಿಷ ಚೌಕಾಸಿ ಮಾಡುವವರು, ಕಾಣದ ಸುಬೇದಾರರಿಗೆ ಒಂದು ಮಾತೂ ಕೇಳದೆ ಹಣ ಕಳಿಸುತ್ತಾರೆ. ಬೈಕಿನ ಮೋಸದಲ್ಲಿ ಹೋಗುವುದು ದುಡ್ಡು ಮಾತ್ರ. ರೈಫಲ್ಲಿನಲ್ಲಿ ಮೋಸ ಹೋದರೆ ಠಾಣೆಗೆ ಹೋಗಿ ದೂರು ಕೊಡುವ ಹಾಗೂ ಇಲ್ಲ, ಯಾಕೆಂದರೆ ಮೊದಲ ಆರೋಪಿ ನೀವೇ.

ಆದ್ದರಿಂದ ಅಟ್ಟದ ಮೇಲೆ ಲೈಸೆನ್ಸ್ ಮುಗಿದ ಕೋವಿ ಇದ್ದರೆ ಈ ವಾರವೇ ಠಾಣೆಗೋ ಅಧಿಕೃತ ಡೀಲರಿಗೋ ಒಪ್ಪಿಸಿ ರಸೀದಿ ಪಡೆಯಿರಿ. ಇನ್ನು ಯಾರಾದರೂ ‘ಡಿಸ್ಪೋಸಲ್ ರೈಫಲ್’ ಕೊಡಿಸುತ್ತೇನೆಂದರೆ ನೆನಪಿಡಿ: ನಿಷಿದ್ಧ ಬೋರಿನ ಬಂದೂಕು ಅಕ್ರಮವಾಗಿ ಇಟ್ಟುಕೊಂಡವರಿಗೆ ಈಗ ಕನಿಷ್ಠ 7, ಗರಿಷ್ಠ 14 ವರ್ಷ ಜೈಲು.