ನಿಮಗಿದು ಗೊತ್ತೆ? ಇಲಿಗೆ ಇರುಳಾಯಿತೆಂದು ಹೇಳುವುದು ಕಣ್ಣೇ!

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ತೋಟಗಳಲ್ಲಿ ಕತ್ತಲಾಗುತ್ತಲೇ ಇಲಿಗಳ ಕಾರುಬಾರು ಶುರು. ಬೆಳಗಾಗುವಷ್ಟರಲ್ಲಿ ಬೊಂಡಕ್ಕೆ ತೂತು, ಕೊಕ್ಕೊ ಕಾಯಿಯ ತಿರುಳು ಖಾಲಿ. ರಾತ್ರಿ ಯಾವುದು, ಹಗಲು ಯಾವುದು ಎಂದು ಇಲಿಯ ಮಿದುಳಿಗೆ ತಿಳಿಸುವುದು ಅಕ್ಷಿಪಟಲದ ಗ್ಯಾಂಗ್ಲಿಯನ್ ಕೋಶಗಳು.

• ಇಲಿಯ ಒಂದು ಕಣ್ಣಿನಲ್ಲಿ ಇಂಥ ಕೋಶಗಳು ಸುಮಾರು 1 ಲಕ್ಷ. ಮನುಷ್ಯನ ಕಣ್ಣಿನಲ್ಲಿ ಸುಮಾರು 10 ಲಕ್ಷ.

• 1979ರಲ್ಲಿ ಪೆರ್ರಿ ಎಂಬ ವಿಜ್ಞಾನಿ ಕೋಶದ ಗಾತ್ರ ಮತ್ತು ಕವಲುಗಳ ಹರವು ನೋಡಿ, ಪ್ರಯೋಗಾಲಯದ ಇಲಿಗಳಲ್ಲಿ ಇವನ್ನು ಮೂರು ವರ್ಗ ಮಾಡಿದರು.

• 1997ರಲ್ಲಿ ಹಕ್ಸ್‌ಲಿನ್ ಮತ್ತು ಗುಡ್‌ಚೈಲ್ಡ್, ಕವಲು ಯಾವ ಪದರದಲ್ಲಿ ಹರಡಿದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಂಡು ಎ, ಬಿ, ಸಿ ಎಂಬ ಗುಂಪುಗಳಲ್ಲಿ ಒಳಬಗೆಗಳನ್ನು ಗುರುತಿಸಿದರು.

• 2002ರಲ್ಲಿ ಡೇವಿಡ್ ಬರ್ಸನ್ ತಂಡ, ಬೆಳಕನ್ನು ತಾವೇ ಗ್ರಹಿಸಿ ದೇಹದ ಗಡಿಯಾರ ಹೊಂದಿಸುವ ಗ್ಯಾಂಗ್ಲಿಯನ್ ಕೋಶಗಳನ್ನು ಇಲಿಯಲ್ಲೇ ತೋರಿಸಿತು. ಇವು ನಮ್ಮ ಕಣ್ಣಿನಲ್ಲೂ ಇವೆ.

• 2019ರಲ್ಲಿ ಜೀನ್‌ಗಳ ಚಟುವಟಿಕೆ ಆಧರಿಸಿ ಸುಂಡಿಲಿಯಲ್ಲಿ 46 ಬಗೆಗಳನ್ನು ವಿಂಗಡಿಸಲಾಯಿತು.

ಆಕಾರ, ಕೆಲಸ, ಜೀನ್ ಮೂರೂ ತಾಳೆಯಾದರೆ ಮಾತ್ರ ವರ್ಗೀಕರಣ ಗಟ್ಟಿ. ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆಯಲ್ಲಿ ಸಾಯುವುದೂ ಇವೇ ಗ್ಯಾಂಗ್ಲಿಯನ್ ಕೋಶಗಳು. ಸತ್ತರೆ ಮರಳಿ ಹುಟ್ಟುವುದಿಲ್ಲ. ಆದ್ದರಿಂದ ನಲವತ್ತು ದಾಟಿದವರು ಕಣ್ಣಿನ ಒತ್ತಡ ಪರೀಕ್ಷೆ ಮಾಡಿಸಿಕೊಳ್ಳಿ.