ಕರೆಂಟು ಸ್ಕೂಟರ್: ನಿಜವಾಗಿಯೂ ದುಡ್ಡು ಉಳಿಯುತ್ತದೆಯೇ?



ನಮ್ಮ ಸ್ವಸಹಾಯ ಸಂಘಗಳ ಸಾಲದ ಅರ್ಜಿಗಳಲ್ಲಿ ಈಗೀಗ ಒಂದು ಹೊಸ ಉದ್ದೇಶ ಕಾಣಿಸಿಕೊಳ್ಳುತ್ತಿದೆ. ಮೊದಲೆಲ್ಲ ಹಸು, ಹೊಲಿಗೆ ಯಂತ್ರ, ಮಕ್ಕಳ ಫೀಸು, ಮನೆ ರಿಪೇರಿ ಅಂತ ಬರೆಸುತ್ತಿದ್ದೆವು. ಈಗ ಎಲೆಕ್ಟ್ರಿಕ್ ಸ್ಕೂಟರ್ ಅಂತಲೂ ಬರೆಸುತ್ತೇವೆ. "ಪೆಟ್ರೋಲ್ ಹಾಕೋದೇ ಬೇಡ, ಕರೆಂಟು ಹೇಗೂ ಫ್ರೀ, ಉಳಿದ ದುಡ್ಡಲ್ಲೇ ಕಂತು ಕಟ್ಟಬಹುದು" ಎಂಬ ಮಾತು ಸಭೆಯಲ್ಲೂ ಕೇಳುತ್ತದೆ, ಷೋರೂಮಿನಲ್ಲೂ ಕೇಳುತ್ತದೆ. ಸಾಲವೋ ಲಕ್ಷ ದಾಟುತ್ತದೆ. ಒಬ್ಬ ಸದಸ್ಯೆ ಕಂತು ತಪ್ಪಿಸಿದರೆ ಇಡೀ ಸಂಘಕ್ಕೆ ಬ್ಯಾಂಕಿನಲ್ಲಿ ಕೆಟ್ಟ ಹೆಸರು. ಆದ್ದರಿಂದ ಆ ಮಾತು ಎಷ್ಟು ನಿಜ ಎಂದು ಪೆನ್ನು ಕಾಗದ ಹಿಡಿದು ಲೆಕ್ಕ ಹಾಕಿ ನೋಡೋಣ.

ಮೊದಲು ಓಡಿಸುವ ಖರ್ಚು. 2024ರ ಜೂನ್‌ನಲ್ಲಿ ರಾಜ್ಯ ಸರಕಾರ ಮಾರಾಟ ತೆರಿಗೆ ಏರಿಸಿದ ಮೇಲೆ ನಮ್ಮಲ್ಲಿ ಪೆಟ್ರೋಲ್ ಲೀಟರಿಗೆ 102 ರೂಪಾಯಿ ದಾಟಿತು. ಲೆಕ್ಕಕ್ಕೆ 103 ಅಂತ ಇಟ್ಟುಕೊಳ್ಳೋಣ. ಮಾಮೂಲಿ ಸ್ಕೂಟರ್ ನಮ್ಮ ರಸ್ತೆಗಳಲ್ಲಿ ಲೀಟರಿಗೆ 45 ಕಿಲೋಮೀಟರ್ ಕೊಡುತ್ತದೆ. ಅಂದರೆ ಒಂದು ಕಿಲೋಮೀಟರಿಗೆ ಹತ್ತಿರ ಹತ್ತಿರ 2 ರೂಪಾಯಿ 30 ಪೈಸೆ. ಎಲೆಕ್ಟ್ರಿಕ್ ಸ್ಕೂಟರ್ ಒಂದು ಯೂನಿಟ್ ಕರೆಂಟಿಗೆ, ಚಾರ್ಜ್ ಮಾಡುವಾಗ ಸೋರಿ ಹೋಗುವುದನ್ನೂ ಸೇರಿಸಿದರೆ, ಸುಮಾರು 25 ಕಿಲೋಮೀಟರ್ ಓಡುತ್ತದೆ. ಮನೆ ಕರೆಂಟಿನ ದರ 2025ರ ಏಪ್ರಿಲ್‌ನಲ್ಲಿ ಯೂನಿಟ್ಟಿಗೆ 5 ರೂಪಾಯಿ 80 ಪೈಸೆ ಎಂದು ನಿಗದಿಯಾಯಿತು. ಅದರ ಮೇಲೆ ಸರ್‌ಚಾರ್ಜು, ತೆರಿಗೆ ಎಲ್ಲ ಸೇರಿ ಆರೂವರೆ ಏಳು ರೂಪಾಯಿಯ ಲೆಕ್ಕ. ಕಿಲೋಮೀಟರಿಗೆ 27 ಪೈಸೆ ಆಯ್ತು. ಒಂದು ಕಿಲೋಮೀಟರಿಗೆ ಎರಡು ರೂಪಾಯಿ ಉಳಿತಾಯ. ಇಲ್ಲಿಯವರೆಗೆ ಷೋರೂಮಿನವರು ಹೇಳಿದ್ದು ಸುಳ್ಳಲ್ಲ.

"ಕರೆಂಟು ಫ್ರೀ" ಎಂಬ ಮಾತು ಮಾತ್ರ ಅರ್ಧ ನಿಜ. 2023ರಲ್ಲಿ ಬಂದ ಗೃಹಜ್ಯೋತಿಯಲ್ಲಿ 200 ಯೂನಿಟ್ ಎಲ್ಲರಿಗೂ ಉಚಿತ ಎಂದು ನಮ್ಮಲ್ಲಿ ಬಹಳ ಮಂದಿ ತಿಳಿದಿದ್ದಾರೆ. ಹಾಗಲ್ಲ. ನಮ್ಮ ನಮ್ಮ ಮನೆಯ 2022-23ರ ಸರಾಸರಿ ಬಳಕೆಗೆ ಸ್ವಲ್ಪ ಸೇರಿಸಿ ಪ್ರತಿ ಮನೆಗೂ ಒಂದು ಮಿತಿ ಹಾಕಿದ್ದಾರೆ. ಆ ಮಿತಿ ದಾಟಿದ ಯೂನಿಟ್ಟಿಗೆ ದುಡ್ಡು ಕೊಡಬೇಕು, 200 ದಾಟಿದರೆ ಇಡೀ ಬಿಲ್ಲು ಕಟ್ಟಬೇಕು. ದಿನಕ್ಕೆ 30 ಕಿಲೋಮೀಟರ್ ಓಡಿಸುವವರಿಗೆ ತಿಂಗಳಿಗೆ 30 ಯೂನಿಟ್ ಹೆಚ್ಚು ಬೇಕಾಗುತ್ತದೆ. ಇಷ್ಟು ದಿನ ಸೊನ್ನೆ ಬಿಲ್ಲು ಬರುತ್ತಿದ್ದ ಮನೆಗೆ ಇನ್ನೂರು ರೂಪಾಯಿ ಬಿಲ್ಲು ಬರಬಹುದು. ದೊಡ್ಡ ಮೊತ್ತವಲ್ಲ, ಆದರೆ ಫ್ರೀ ಎಂದು ನಂಬಿ ಕೂತರೆ ಮೀಟರ್ ಓದುವ ಹುಡುಗನ ಮೇಲೆ ಜಗಳಕ್ಕೆ ಹೋಗಬೇಕಾದೀತು! ಫ್ರಿಜ್ಜು, ಪಂಪು ಇದ್ದು ಈಗಲೇ 180 ಯೂನಿಟ್ ಉರಿಸುವ ಮನೆಯವರು ಮಾತ್ರ ನಿಜವಾಗಿಯೂ ಯೋಚಿಸಬೇಕು.

ಈಗ ಗಾಡಿಯ ಬೆಲೆಗೆ ಬರೋಣ, ಉಳಿತಾಯದ ನಿಜ ಪರೀಕ್ಷೆ ಇರುವುದು ಅಲ್ಲಿ. ಸಾಧಾರಣ ಎಲೆಕ್ಟ್ರಿಕ್ ಸ್ಕೂಟರ್ ಎಲ್ಲಾ ಸೇರಿ 1,20,000, ಪೆಟ್ರೋಲ್ ಸ್ಕೂಟರ್ 90,000 ಅಂತ ಹಿಡಿಯೋಣ. ನಿಮ್ಮ ಊರಿನ ಬೆಲೆ ಬೇರೆ ಇದ್ದರೆ ಇದೇ ಲೆಕ್ಕಕ್ಕೆ ಅದನ್ನು ಹಾಕಿಕೊಳ್ಳಿ. ಈ ಅಂತರ ಇತ್ತೀಚೆಗೆ ಹೆಚ್ಚಾಗಿದೆ. ಒಂದು ಕಡೆ ಎಲೆಕ್ಟ್ರಿಕ್ ಗಾಡಿಯ ಸಹಾಯಧನ ಕಡಿಮೆಯಾಗುತ್ತಾ ಬಂತು: 2024ರ ಅಕ್ಟೋಬರ್‌ನ ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಮೊದಲಿಗೆ 10,000 ರೂಪಾಯಿವರೆಗೆ ಇದ್ದದ್ದು 2025ರ ಏಪ್ರಿಲ್‌ನಿಂದ 5,000ಕ್ಕೆ ಇಳಿಯಿತು. ಇನ್ನೊಂದು ಕಡೆ 2025ರ ಸೆಪ್ಟೆಂಬರ್ 22ರಿಂದ ಪೆಟ್ರೋಲ್ ಸ್ಕೂಟರಿನ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿದು ಅದು ಅಗ್ಗವಾಯಿತು.

ಎರಡಕ್ಕೂ ಕೈಯಿಂದ 10,000 ಹಾಕಿ ಉಳಿದದ್ದನ್ನು ಮೂರು ವರ್ಷದ ಸಾಲ ಮಾಡಿದೆವು, ಬಡ್ಡಿ ವರ್ಷಕ್ಕೆ ಶೇಕಡಾ 12 ಅಂತಿರಲಿ. ಎಲೆಕ್ಟ್ರಿಕ್ ಗಾಡಿಯ ಕಂತು ತಿಂಗಳಿಗೆ 3,650, ಪೆಟ್ರೋಲ್ ಗಾಡಿಯದ್ದು 2,650. ವ್ಯತ್ಯಾಸ ಸಾವಿರ ರೂಪಾಯಿ. ಕಿಲೋಮೀಟರಿಗೆ ಎರಡು ರೂಪಾಯಿ ಉಳಿಯುವುದರಿಂದ ತಿಂಗಳಿಗೆ 500 ಕಿಲೋಮೀಟರ್ ಓಡಿದರೆ ಸಾವಿರಕ್ಕೆ ಸಾವಿರ ಸರಿಹೋಗುತ್ತದೆ. ತಿಂಗಳಲ್ಲಿ 25 ದಿನ ಓಡಿಸಿದರೆ ದಿನಕ್ಕೆ 20 ಕಿಲೋಮೀಟರ್. ಈ ಇಪ್ಪತ್ತನ್ನು ನೆನಪಿಟ್ಟುಕೊಂಡರೆ ಸಾಕು.

ಮೀನು ಅಥವಾ ತರಕಾರಿ ಮಾರಲು, ತಿಂಡಿ ಅಂಗಡಿಗಳಿಗೆ ಹಾಕಲು ದಿನಕ್ಕೆ 30 ಕಿಲೋಮೀಟರ್ ಸುತ್ತುವ ಸದಸ್ಯೆ ಹೊಸ ಗಾಡಿ ಕೊಳ್ಳಲೇಬೇಕು ಎಂದಾದರೆ ಎಲೆಕ್ಟ್ರಿಕ್ ಒಳ್ಳೆಯದು. ಇಂಧನದಲ್ಲಿ ತಿಂಗಳಿಗೆ 1,500 ಉಳಿಯುತ್ತದೆ, ಹೆಚ್ಚಿನ ಕಂತು ಕಳೆದರೂ 500 ಕೈಯಲ್ಲಿ ನಿಲ್ಲುತ್ತದೆ. ಸಾಲ ತೀರಿದ ಮೇಲೆ ಪೂರ್ತಿ 1,500 ಅವರದ್ದೇ. ಎಂಜಿನ್ ಆಯಿಲ್, ಪ್ಲಗ್ಗು ಇತ್ಯಾದಿ ಇಲ್ಲದ ಕಾರಣ ಸರ್ವಿಸ್ ಖರ್ಚೂ ಕಡಿಮೆ. ಮಗುವನ್ನು ಶಾಲೆಗೆ ಬಿಟ್ಟು, ಡೈರಿಗೆ ಹಾಲು ಹಾಕಿ ದಿನಕ್ಕೆ ಆರು ಕಿಲೋಮೀಟರ್ ಓಡಿಸುವವರಿಗೆ ತಿಂಗಳಿಗೆ ಉಳಿಯುವುದು 300 ರೂಪಾಯಿ, ಹೆಚ್ಚಿಗೆ ಕಟ್ಟುವುದು 1,000. ಮೂರು ವರ್ಷದಲ್ಲಿ 25,000 ರೂಪಾಯಿ ಕೈಯಿಂದ ಹೋಗುತ್ತದೆ. ಅದು ವಾಪಸು ಬರಲು ಸಾಲ ತೀರಿದ ಮೇಲೆ ಮತ್ತೂ ಏಳು ವರ್ಷ ಬೇಕು.

ಇನ್ನು, ಮನೆಯಲ್ಲಿ ಸರಿಯಾಗಿ ಓಡುವ ಪೆಟ್ರೋಲ್ ಸ್ಕೂಟರ್ ಇದ್ದು, ಪೆಟ್ರೋಲ್ ಉಳಿಸಲಿಕ್ಕೆ ಅಂತಲೇ ಹೊಸದು ತೆಗೆಯುವವರು. ಉಳಿದ ದುಡ್ಡಲ್ಲಿ ಕಂತು ಕಟ್ಟಬಹುದು ಎಂಬ ಮಾತು ಇಲ್ಲಿ ಪೂರ್ತಿ ಮುರಿದು ಬೀಳುತ್ತದೆ. ದಿನಕ್ಕೆ 30 ಕಿಲೋಮೀಟರ್ ಓಡಿಸಿದರೂ ಉಳಿಯುವುದು 1,500, ಕಂತು 3,650. ಬಾಕಿ 2,150 ರೂಪಾಯಿ ಪ್ರತಿ ತಿಂಗಳು ಎಲ್ಲಿಂದ ತರುವುದು? ಸಂಘದ ಆಂತರಿಕ ಸಾಲ ತಿಂಗಳಿಗೆ ಶೇಕಡಾ 2ರ ಬಡ್ಡಿಯದ್ದಾದರೆ ಕಂತೇ 4,300 ಆಗುತ್ತದೆ. ಇಂತಹ ಅರ್ಜಿ ಬಂದರೆ, ಹಳೆಯ ಗಾಡಿ ಇನ್ನೆರಡು ವರ್ಷ ಓಡಲಿ ಅಕ್ಕ ಎಂದು ಹೇಳುವುದೇ ಒಳ್ಳೆಯದು ಎಂಬುದು ನಮ್ಮ ಅಭಿಪ್ರಾಯ.

ನಮಗೆ ಹೆಂಗಸರಿಗೆ ಲೆಕ್ಕದಲ್ಲಿ ಇನ್ನೊಂದು ವಿಷಯ ಇದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರಕಾರಿ ಸಾಮಾನ್ಯ ಬಸ್ಸುಗಳಲ್ಲಿ ನಮಗೆ ಟಿಕೆಟ್ ದುಡ್ಡಿಲ್ಲ. ಸರಕಾರಿ ಬಸ್ಸು ಹೊತ್ತಿಗೆ ಸರಿಯಾಗಿ ಬರುವ ಊರಿನಲ್ಲಿ ಯಾವ ಸ್ಕೂಟರೂ ಅದಕ್ಕಿಂತ ಅಗ್ಗವಲ್ಲ. ಕರಾವಳಿಯಲ್ಲಿ ಹೆಚ್ಚಿನ ಕಡೆ ಓಡುವುದು ಖಾಸಗಿ ಬಸ್ಸು, ಅಲ್ಲಿ ಈ ಸೌಲಭ್ಯ ಸಿಗುವುದಿಲ್ಲ. ಬಸ್ಸಿಗೆ ಮತ್ತು ರಿಕ್ಷಾಕ್ಕೆ ಎಷ್ಟು ಕೊಡುತ್ತಿದ್ದೀರಿ ಎಂದು ಒಂದು ತಿಂಗಳು ಪುಸ್ತಕದಲ್ಲಿ ಬರೆದಿಟ್ಟು ನೋಡಿ.

ಬ್ಯಾಟರಿಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಯಾಕೆಂದರೆ ಗಾಡಿಯ ಬೆಲೆಯಲ್ಲಿ ಮೂರನೇ ಒಂದು ಪಾಲು ಅದರದ್ದೇ. ವರ್ಷ ಹೋದಂತೆ ಅದರ ಶಕ್ತಿ ಕುಂದುತ್ತದೆ. ಈಗ ಹಲವು ಕಂಪೆನಿಗಳು ಮೂರು ವರ್ಷದ ವಾರಂಟಿ ಕೊಟ್ಟು, ಹೆಚ್ಚಿಗೆ ಹಣ ಕಟ್ಟಿದರೆ 8 ವರ್ಷ ಅಥವಾ 80,000 ಕಿಲೋಮೀಟರ್‌ವರೆಗೆ ಮುಂದುವರಿಸುತ್ತವೆ. ದಿನಕ್ಕೆ 30 ಕಿಲೋಮೀಟರಿನಂತೆ 8 ವರ್ಷಕ್ಕೆ 72,000 ಆಗುತ್ತದೆ, ಆದ್ದರಿಂದ ಆ ವಾರಂಟಿ ಇದ್ದರೆ ಧೈರ್ಯ. ಇಲ್ಲದಿದ್ದರೆ ಐದಾರು ವರ್ಷದ ಉಳಿತಾಯ ಒಂದೇ ಬ್ಯಾಟರಿಗೆ ಹೋದೀತು. ಬ್ಯಾಟರಿಯ ಶಕ್ತಿ ಎಷ್ಟಕ್ಕೆ ಇಳಿದರೆ ಬದಲಿಸಿ ಕೊಡುತ್ತೀರಿ ಎಂದು ಕೇಳಿ, ಬರಹದಲ್ಲಿ ತೆಗೆದುಕೊಳ್ಳಿ. ಒಂದೇ ಚಾರ್ಜಿಗೆ 120 ಕಿಲೋಮೀಟರ್ ಎಂದು ಜಾಹೀರಾತಿನಲ್ಲಿ ಇದ್ದರೆ ಅದು ಪರೀಕ್ಷಾಲಯದ ಲೆಕ್ಕ. ಇಬ್ಬರು ಕೂತು, ಮುಂದೆ ಚೀಲ ಇಟ್ಟು, ಏರು ದಾರಿ ಹತ್ತಿದರೆ 80-90ಕ್ಕೆ ಇಳಿಯುತ್ತದೆ.

ಅತಿ ಅಗ್ಗದ ಗಾಡಿಗಳ ಬಗ್ಗೆ ಎಚ್ಚರ ಬೇಕು. ಲೈಸೆನ್ಸೂ ಬೇಡ, ನಂಬರ್ ಪ್ಲೇಟೂ ಬೇಡ ಎಂದು ಮಾರುವ ಗಾಡಿಗಳು ಗಂಟೆಗೆ 25 ಕಿಲೋಮೀಟರ್ ಮೀರದ, 250 ವ್ಯಾಟ್‌ನೊಳಗಿನ ಮೋಟಾರಿನವು. ಕಾನೂನಿನಲ್ಲಿ ಅವಕ್ಕೆ ವಿನಾಯಿತಿ ಇರುವುದು ನಿಜ. ಆದರೆ ಏರು ರಸ್ತೆಯಲ್ಲಿ ಹೊರೆ ಹೊತ್ತು ಹೋಗಲು ಅವು ಹೇಳಿದ್ದಲ್ಲ. ಲೆಡ್ ಆ್ಯಸಿಡ್ ಬ್ಯಾಟರಿ ಇದ್ದರೆ ಒಂದೂವರೆ ಎರಡು ವರ್ಷದಲ್ಲಿ ಬದಲಿಸಬೇಕಾಗುತ್ತದೆ. ಬ್ಯಾಟರಿ ಬಾಡಿಗೆಗೆ ಕೊಡುವ ಪದ್ಧತಿಯೂ ಬಂದಿದೆ. ಗಾಡಿ ಬಹಳ ಅಗ್ಗ ಅಂತ ಕಾಣುತ್ತದೆ, ಆದರೆ ಓಡಿದ ಪ್ರತಿ ಕಿಲೋಮೀಟರಿಗೆ ಒಂದು ರೂಪಾಯಿಯ ಆಸುಪಾಸು ಬಾಡಿಗೆ. ನಮ್ಮ ಎರಡು ರೂಪಾಯಿ ಉಳಿತಾಯದಲ್ಲಿ ಅರ್ಧ ಅಲ್ಲಿಗೆ ಹೋಯ್ತು.

ರಿಪೇರಿಯ ವಿಷಯ. ಪೆಟ್ರೋಲ್ ಸ್ಕೂಟರ್ ಕೆಟ್ಟರೆ ಪೇಟೆಯ ಮೆಕ್ಯಾನಿಕ್ ಅರ್ಧ ದಿನದಲ್ಲಿ ಸರಿ ಮಾಡಿಕೊಡುತ್ತಾನೆ. ಎಲೆಕ್ಟ್ರಿಕ್ ಗಾಡಿಯ ಕಂಟ್ರೋಲರ್ ಕೆಟ್ಟರೆ ಕಂಪೆನಿಯ ಸರ್ವಿಸ್ ಸೆಂಟರಿಗೇ ಹೋಗಬೇಕು, ಬಿಡಿಭಾಗ ಬರುವವರೆಗೆ ಕಾಯಬೇಕು. 2024ರಲ್ಲಿ ಒಂದು ದೊಡ್ಡ ಕಂಪೆನಿಯ ಮೇಲೆ ಹತ್ತು ಸಾವಿರಕ್ಕೂ ಹೆಚ್ಚು ದೂರುಗಳು ಬಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವೇ ನೋಟಿಸು ಕೊಡಬೇಕಾಯಿತು. ವ್ಯಾಪಾರಕ್ಕೆ ಗಾಡಿ ನಂಬಿದವರಿಗೆ ಹದಿನೈದು ದಿನ ಗಾಡಿ ನಿಂತರೆ ವರ್ಷದ ಉಳಿತಾಯದಲ್ಲಿ ದೊಡ್ಡ ಪಾಲು ಕರಗಿ ಹೋಗುತ್ತದೆ. ಹಾಗಾಗಿ ಬಣ್ಣ, ಮಾಡೆಲ್ ನೋಡುವ ಮೊದಲು ಸರ್ವಿಸ್ ಸೆಂಟರ್ ನಮ್ಮೂರಿಂದ ಎಷ್ಟು ದೂರ ಎಂದು ನೋಡಿ. ಅಲ್ಲಿಗೇ ಹೋಗಿ, ರಿಪೇರಿಗೆ ನಿಂತ ಗಾಡಿಗಳ ಯಜಮಾನರನ್ನು ಮಾತಾಡಿಸಿ. ದೂರು ಇದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು.

ಬಾಡಿಗೆ ಮನೆಯಲ್ಲಿ ಇರುವವರು ಚಾರ್ಜಿಂಗಿಗೆ ಮನೆಯೊಡೆಯರ ಒಪ್ಪಿಗೆ ಮೊದಲೇ ಕೇಳಿಕೊಳ್ಳಿ. ಸ್ವಂತ ಮನೆಯಾದರೆ ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಅರ್ಥಿಂಗ್ ಸರಿ ಇದೆಯೇ ಎಂದು ನೋಡಿಸಿ, ಹಳೆಯ ವೈರಿನ ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿ ರಾತ್ರಿಯಿಡೀ ಚಾರ್ಜಿಗೆ ಹಾಕಬೇಡಿ. ಮಳೆಗಾಲದಲ್ಲಿ ಎರಡು ದಿನ ಕರೆಂಟು ಹೋಗುವ ಊರುಗಳು ನಮ್ಮಲ್ಲಿ ಇವೆ, ಆಗ ಏನು ಮಾಡುವುದು ಎಂದೂ ಯೋಚಿಸಿಡಿ.

ಸಂಘದಲ್ಲಿ ಇಂತಹ ಅರ್ಜಿ ಬಂದಾಗ ಗಾಡಿಯ ಕೊಟೇಷನ್ ಜೊತೆಗೆ, ದಿನಕ್ಕೆ ಎಷ್ಟು ಕಿಲೋಮೀಟರ್ ಓಡಿಸುತ್ತೀರಿ ಎಂದು ಕೇಳಿ ನಡಾವಳಿ ಪುಸ್ತಕದಲ್ಲಿ ಬರೆಸಿಕೊಳ್ಳಿ. ಮೂರು ತಿಂಗಳ ಕರೆಂಟು ಬಿಲ್ಲನ್ನೂ ತರಲು ಹೇಳಿ.